ಕಿವಿಯ ಬಳಿಯ ಬಾವು ಮತ್ತು ಗದ್ದೆಯ ಮಣ್ಣು

ಈಶಾನ್ಯ ಥಾಯ್ಲೆಂಡಿನ ಉಬೋನ್ ರಾಚತಾನಿ ಭತ್ತದ ನಾಡು. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ದೊಡ್ಡವರು ಗದ್ದೆಯಲ್ಲಿ, ಮಕ್ಕಳು ಅದರ ಬದುವಿನಲ್ಲಿ, ಎಲ್ಲರೂ ಕೆಸರಿನಲ್ಲಿ. 1980ರ ದಶಕದಲ್ಲಿ ಆ ಪ್ರಾಂತ್ಯದ ದೊಡ್ಡಾಸ್ಪತ್ರೆಗೆ ಒಂದೇ ಬಗೆಯ ತೊಂದರೆ ಹೊತ್ತ ಮಕ್ಕಳು ಬರುತ್ತಿದ್ದರು. ಜ್ವರ, ಜೊತೆಗೆ ಒಂದು ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ಕೆಂಪಗೆ ಊದಿಕೊಂಡ ನೋವಿನ ಬಾವು. ನೋಡಿದ ಕೂಡಲೇ ಯಾರಾದರೂ ಮಂಗನಬಾವು ಎಂದುಬಿಡುವಂಥದ್ದು. ಆದರೆ ಮಂಗನಬಾವು ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇದು ಇಳಿಯಲಿಲ್ಲ. ಕೆಲವು ಮಕ್ಕಳಲ್ಲಿ ಬಾವು ಒಳಗೊಳಗೇ ಒಡೆದು ಕಿವಿಯಿಂದ ಕೀವು ಸೋರಿತು. ವೈದ್ಯರು ಆ ಕೀವನ್ನು ಪ್ರಯೋಗಾಲಯಕ್ಕೆ ಕಳಿಸಿ ಬೆಳೆಸಿ ನೋಡಿದಾಗ ಸಿಕ್ಕಿದ್ದು ಗದ್ದೆಯ ಮಣ್ಣಿನಲ್ಲಿ, ಕೆಸರುನೀರಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ. ಇಂದು ಅದಕ್ಕೆ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲ್ಲಿಯೈ ಎಂದು ಹೆಸರು. ಅದು ತರುವ ಕಾಯಿಲೆ ಮೆಲಿಯಾಯ್ಡೋಸಿಸ್. ಈ ಮಕ್ಕಳ ವಿವರ 1989ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಅದೇ ಬ್ಯಾಕ್ಟೀರಿಯಾ ನಮ್ಮ ಕರಾವಳಿಯಲ್ಲೂ ಇದೆ. ಅದರ ಮಾತಿಗೆ ಬರುವ ಮುನ್ನ, ಪುಟ್ಟ ಮಕ್ಕಳ ಕಿವಿಗೆ ಸಾಮಾನ್ಯವಾಗಿ ಸೋಂಕು ತಗಲುವುದು ಹೇಗೆಂದು ತಿಳಿದುಕೊಳ್ಳುವುದು ಒಳ್ಳೆಯದು. ಅಪರೂಪದ್ದು ಅಪರೂಪವೆಂದು ಗೊತ್ತಾಗುವುದು ಮಾಮೂಲಿನ ಪರಿಚಯ ಇದ್ದಾಗಲೇ.

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ನಾಳ ಇದೆ. ಹದಿನಾರನೆಯ ಶತಮಾನದ ಇಟಲಿಯ ಶರೀರಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟಾಕಿಯ ಹೆಸರಿನಲ್ಲಿ ಅದನ್ನು ಯುಸ್ಟೇಶಿಯನ್ ನಾಳ ಎನ್ನುತ್ತಾರೆ. ದೊಡ್ಡವರಲ್ಲಿ ಅದು ಉದ್ದವಾಗಿ, ಇಳಿಜಾರಾಗಿ ಇರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿ ಬಂದು ನಾಳ ಕಟ್ಟಿಕೊಂಡರೆ ಮಧ್ಯಕಿವಿಯ ನೀರು ಅಲ್ಲೇ ನಿಲ್ಲುತ್ತದೆ, ಮೂಗು ಗಂಟಲಿನ ಬ್ಯಾಕ್ಟೀರಿಯಾಗಳು ಅಲ್ಲಿಗೆ ಹತ್ತಿ ಕೀವಾಗುತ್ತದೆ. ಮಗು ರಾತ್ರಿಯೆಲ್ಲ ಕಿವಿ ಹಿಡಿದು ಅಳುತ್ತದೆ. ಕಿವಿತಮಟೆ ಒಡೆದು ಕೀವು ಹೊರಬಿದ್ದರೆ ನೋವು ತಟ್ಟನೆ ಇಳಿಯುತ್ತದೆ. ಬಹುಪಾಲು ಇಂಥ ಸೋಂಕಿಗೆ ಕಾರಣ ಮೂರು ಬ್ಯಾಕ್ಟೀರಿಯಾಗಳು: ನ್ಯುಮೋಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೇ, ಮೊರಾಕ್ಸೆಲ್ಲಾ ಕ್ಯಾಟರಾಲಿಸ್. ಮಕ್ಕಳ ವೈದ್ಯರು ಮೊದಲ ಭೇಟಿಯಲ್ಲಿ ಯಾವ ಪರೀಕ್ಷೆಯನ್ನೂ ಮಾಡಿಸದೆ ಅಮಾಕ್ಸಿಸಿಲಿನ್ ಬರೆದುಕೊಡುವುದು ಈ ಮೂವರ ಲೆಕ್ಕದ ಮೇಲೆಯೇ. ಆ ಲೆಕ್ಕ ಬಹಳ ಸಲ ಸರಿಯಾಗಿಯೇ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ.

ತೊಂದರೆ ಶುರುವಾಗುವುದು ಎರಡನೆಯ ಭೇಟಿಯಲ್ಲಿ. ಔಷಧ ಮುಗಿದರೂ ಜ್ವರ ನಿಂತಿಲ್ಲ, ಕಿವಿಯ ಹಿಂದೆ ಊತ ಕಾಣುತ್ತಿದೆ, ಕೀವು ನಾರುತ್ತಿದೆ. ಆಗ ಕೀವನ್ನು ಪರೀಕ್ಷೆಗೆ ಕಳಿಸದೆ, ಇನ್ನೊಂದು ಹೆಚ್ಚು ಬಲದ ಆಂಟಿಬಯೋಟಿಕ್ ಬರೆಯುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಅದೂ ಹಿಡಿಯದಿದ್ದರೆ ಮೂರನೆಯದು. ಅಪರೂಪದ ಬ್ಯಾಕ್ಟೀರಿಯಾಗಳು ಮಕ್ಕಳಿಗೆ ಹಾನಿ ಮಾಡುವುದು ಹೆಚ್ಚಾಗಿ ಈ ಅವಧಿಯಲ್ಲಿ.

ಕಿವಿಯ ಹಿಂದೆ ಕೈಯಿಟ್ಟರೆ ಸಿಗುವ ಗಟ್ಟಿ ಉಬ್ಬೇ ಮಾಸ್ಟಾಯ್ಡ್ ಮೂಳೆ. ಒಳಗೆ ಅದು ಜೇನುಗೂಡಿನಂತೆ ಪುಟ್ಟ ಪುಟ್ಟ ಗಾಳಿಕೋಣೆಗಳಿಂದ ತುಂಬಿದೆ, ಆ ಕೋಣೆಗಳಿಗೆ ಮಧ್ಯಕಿವಿಯ ಸಂಪರ್ಕವಿದೆ. ಹುಟ್ಟಿದಾಗ ಒಂದೇ ಒಂದು ಕೋಣೆ ಇದ್ದು, ಉಳಿದವು ಮಗು ಬೆಳೆದಂತೆ ಬೆಳೆಯುತ್ತವೆ. ಪುಟ್ಟ ಮಗುವಿನಲ್ಲಿ ಆ ಮೂಳೆಯ ಹೊರಗೋಡೆ ತೆಳು, ಹಾಗಾಗಿ ಒಳಗಿನ ಕೀವು ಬೇಗ ಚರ್ಮದಡಿಗೆ ಬರುತ್ತದೆ. ಕಿವಿಯ ಹಿಂದಿನ ಮಡಿಕೆ ಮಾಯವಾಗಿ, ಕಿವಿ ಮುಂದಕ್ಕೂ ಕೆಳಕ್ಕೂ ತಳ್ಳಿದಂತೆ ನಿಲ್ಲುತ್ತದೆ. ಇದನ್ನು ಮಾಸ್ಟಾಯ್ಡೈಟಿಸ್ ಎನ್ನುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು.

ಆಂಟಿಬಯೋಟಿಕ್ ಬರುವ ಮೊದಲು ಇದು ಎಷ್ಟು ದೊಡ್ಡ ಪಿಡುಗಾಗಿತ್ತು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. 1932ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ದಾಖಲಾದ ಮಕ್ಕಳಲ್ಲಿ ಶೇ. 27ರಷ್ಟು ಮಂದಿ ಬಂದದ್ದು ಕಿವಿಯ ಕೀವು ಮತ್ತು ಅದರ ತೊಡಕುಗಳಿಗಾಗಿ. ಫ್ರಾನ್ಸಿನ ದೊರೆ ಎರಡನೆಯ ಫ್ರಾನ್ಸಿಸ್ 1560ರ ಡಿಸೆಂಬರಿನಲ್ಲಿ, ಇನ್ನೂ ಹದಿನಾರರ ಹುಡುಗ, ಕಿವಿಯ ಸೋಂಕು ತಲೆಗೇರಿ ಸತ್ತ. ಡಬ್ಲಿನ್ನಿನ ಶಸ್ತ್ರವೈದ್ಯ ಸರ್ ವಿಲಿಯಂ ವೈಲ್ಡ್ ಕಿವಿಯ ಹಿಂದೆ ಕೊಯ್ದು ಕೀವು ಹೊರಹಾಕುವ ಕ್ರಮವನ್ನು ರೂಢಿಗೆ ತಂದವನು, ಇಂದಿಗೂ ಆ ಕೊಯ್ತಕ್ಕೆ ಅವನ ಹೆಸರಿದೆ. ಅವನ ಮಗ, ಲೇಖಕ ಆಸ್ಕರ್ ವೈಲ್ಡ್, 1900ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದೂ ಕಿವಿಯ ಕಾಯಿಲೆ ಉಲ್ಬಣಿಸಿಯೇ.

ಮಾಸ್ಟಾಯ್ಡೈಟಿಸ್ ಇಂದು ಕಡಿಮೆ. ಬಂದಾಗಲೂ ಬಹಳ ಸಲ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟಫೈಲೊಕಾಕಸ್‌ಗಳಂಥ ಪರಿಚಿತ ಬ್ಯಾಕ್ಟೀರಿಯಾಗಳೇ ಸಿಗುತ್ತವೆ. ಆದರೆ ಇಸ್ರೇಲಿನಿಂದಲೂ ಯುರೋಪಿನ ಹಲವು ದೇಶಗಳಿಂದಲೂ ವೈದ್ಯರು ಇತ್ತೀಚಿನ ದಶಕಗಳಲ್ಲಿ ಬೇರೊಂದು ಹೆಸರನ್ನು ಮತ್ತೆ ಮತ್ತೆ ಬರೆಯುತ್ತಿದ್ದಾರೆ: ಫ್ಯೂಸೊಬ್ಯಾಕ್ಟೀರಿಯಂ ನೆಕ್ರೋಫೋರಂ.

ಇದು ಗಾಳಿಯನ್ನು ಸಹಿಸದ ಬ್ಯಾಕ್ಟೀರಿಯಾ. ಆಮ್ಲಜನಕ ಇಲ್ಲದ ಕಡೆ ಮಾತ್ರ ಬೆಳೆಯುತ್ತದೆ. ದನಗಳ ಯಕೃತ್ತಿನಲ್ಲಿ ಕೀವುಗಡ್ಡೆ, ಗೊರಸಿನ ನಡುವೆ ಕೊಳೆತ, ಕರುಗಳ ಗಂಟಲಲ್ಲಿ ಹುಣ್ಣು ತರುವುದು ಇದರದೇ ಹತ್ತಿರದ ಬಂಧು. ಹಟ್ಟಿಯಲ್ಲಿ ದನವಿದ್ದವರು ಗಾಬರಿಪಡಬೇಕಿಲ್ಲ. ಮನುಷ್ಯರಲ್ಲಿ ರೋಗ ತರುವ ಉಪಜಾತಿ ಬೇರೆ, ಅದು ದನದಿಂದ ಬರುವುದಲ್ಲ, ನಮ್ಮ ಗಂಟಲಿನಲ್ಲೇ ಇರುವಂಥದ್ದು. 1936ರಲ್ಲಿ ಪ್ಯಾರಿಸ್ಸಿನ ವೈದ್ಯ ಆಂದ್ರೆ ಲೆಮಿಯೇರ್ ಇಂಥ 20 ರೋಗಿಗಳ ವಿವರ ಬರೆದರು. ಗಂಟಲ ಸೋಂಕಿನಿಂದ ಶುರುವಾಗಿ ಕತ್ತಿನ ರಕ್ತನಾಳ ಹೆಪ್ಪುಗಟ್ಟಿ, ಕೀವು ಶ್ವಾಸಕೋಶಕ್ಕೂ ಕೀಲುಗಳಿಗೂ ಚದುರುವ ಕಾಯಿಲೆ. ಇಪ್ಪತ್ತರಲ್ಲಿ ಹದಿನೆಂಟು ಮಂದಿ ಉಳಿಯಲಿಲ್ಲ. ಅದು ಹರೆಯದವರ ಕಾಯಿಲೆ. ಒಂದೆರಡು ವರ್ಷದ ಕೂಸುಗಳಲ್ಲಿ ಅದೇ ಬ್ಯಾಕ್ಟೀರಿಯಾ ಗಂಟಲಿನ ಬದಲು ಕಿವಿಯಿಂದ ಹೊರಡುತ್ತದೆ. ಮಾಸ್ಟಾಯ್ಡ್ ಮೂಳೆಯ ಬೆನ್ನಿಗೇ ಮೆದುಳಿನಿಂದ ರಕ್ತ ಇಳಿಸುವ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಸೋಂಕು ಮೂಳೆಯನ್ನು ಕೊರೆದು ಅಲ್ಲಿಗೆ ಮುಟ್ಟಿದರೆ ರಕ್ತ ಹೆಪ್ಪುಗಟ್ಟುತ್ತದೆ. ಮಗುವಿಗೆ ವಾಂತಿ, ಮಂಪರು, ಕತ್ತು ಬಿಗಿತ ಕಾಣಿಸಬಹುದು. ಕೆಲವು ಮಕ್ಕಳಲ್ಲಿ ಸೊಂಟದ ಕೀಲಿಗೆ ಕೀವು ಇಳಿದು, ಮಗು ಕಾಲೂರದೆ ಅಳುವುದನ್ನೂ ವೈದ್ಯರು ದಾಖಲಿಸಿದ್ದಾರೆ.

ಇಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳಬೇಕು. ಅಜಿತ್ರೊಮೈಸಿನ್ ನಮ್ಮಲ್ಲಿ ಮಕ್ಕಳ ಜ್ವರ, ಕೆಮ್ಮು, ಕಿವಿನೋವು ಎಲ್ಲಕ್ಕೂ ಧಾರಾಳವಾಗಿ ಬಳಕೆಯಾಗುವ ಸಿರಪ್. ಮೂರು ದಿನ ಕುಡಿಸಿದರೆ ಮುಗಿಯಿತೆಂಬ ಅನುಕೂಲ ಅದಕ್ಕಿದೆ. ಫ್ಯೂಸೊಬ್ಯಾಕ್ಟೀರಿಯಂ ಮೇಲೆ ಆ ಗುಂಪಿನ ಔಷಧಗಳ ಪ್ರಭಾವ ತೀರ ಕಡಿಮೆ. ಮೆಟ್ರೊನಿಡಜೋಲ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಕಿವಿ ಸೋಂಕಿಗೆ ಮೊದಲು ನೆನೆಯುವವರು ಯಾರೂ ಇಲ್ಲ. ಎರಡನೆಯದು, ಹತ್ತಿಯ ಕಡ್ಡಿಯಲ್ಲಿ ಒರೆಸಿದ ಕೀವು ಗಾಳಿಗೆ ತೆರೆದುಕೊಂಡು ಪ್ರಯೋಗಾಲಯ ಸೇರುವಷ್ಟರಲ್ಲಿ ಈ ಬ್ಯಾಕ್ಟೀರಿಯಾ ಸತ್ತಿರಬಹುದು. ಏನೂ ಬೆಳೆಯಲಿಲ್ಲ ಎಂದು ವರದಿ ಬರುತ್ತದೆ. ಸಿರಿಂಜಿನಲ್ಲಿ ಎಳೆದ ಕೀವನ್ನು ಗಾಳಿ ತಾಗದಂತೆ ಕಳಿಸಿ, ಆಮ್ಲಜನಕರಹಿತ ಕಲ್ಚರ್ ಮಾಡಿಸಿದರೆ ಮಾತ್ರ ಅದು ಸಿಗುವುದು. ಕೆಟ್ಟ ನಾತವಿರುವ ಕೀವು ಬಂದು, ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಅನುಭವಿ ವೈದ್ಯರಿಗೆ ಆ ಖಾಲಿ ವರದಿಯೇ ಒಂದು ಸುಳಿವು.

ಈಗ ಗದ್ದೆಯ ಬ್ಯಾಕ್ಟೀರಿಯಾಕ್ಕೆ ಬರೋಣ. 1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿದರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಭಾಗ, ವರದಿ ಪ್ರಕಟವಾದದ್ದು ಮರುವರ್ಷ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ. ಅಷ್ಟು ಹಳೆಯ ಭಾರತೀಯ ನಂಟಿದ್ದರೂ, ನಮ್ಮ ದೇಶದೊಳಗೆ ಈ ರೋಗವನ್ನು ಹೆಸರಿಟ್ಟು ಗುರುತಿಸತೊಡಗಿದ್ದು ಬಹುಮಟ್ಟಿಗೆ 1990ರ ದಶಕದಿಂದ ಈಚೆಗೆ. ಕರ್ನಾಟಕದ ಮಟ್ಟಿಗೆ ಈ ಕೆಲಸದಲ್ಲಿ ಮುಂದಿರುವುದು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಗದ್ದೆಗಳು, ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಬರಿಗಾಲಿನ ಕೃಷಿ, ಇವೆಲ್ಲ ಈ ಬ್ಯಾಕ್ಟೀರಿಯಾಕ್ಕೆ ಒಪ್ಪುವ ವಾತಾವರಣ. ಅಲ್ಲಿ ಸಿಗುವ ರೋಗಿಗಳಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆ ಇರುವ ದೊಡ್ಡವರು, ಕಾಯಿಲೆ ಹೆಚ್ಚುವುದು ಜೂನ್‌ನಿಂದ ಮಳೆ ಇರುವಷ್ಟು ಕಾಲ. 2016ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನ ಪ್ರಕಾರ ವರ್ಷಕ್ಕೆ 1,65,000 ಮಂದಿಗೆ ಮೆಲಿಯಾಯ್ಡೋಸಿಸ್ ತಗಲುತ್ತದೆ, 89,000 ಮಂದಿ ಸಾಯುತ್ತಾರೆ. ಅದರಲ್ಲಿ ಅತಿ ದೊಡ್ಡ ಪಾಲು ಭಾರತದ್ದು. ಅಷ್ಟು ಮಂದಿ ಲೆಕ್ಕಕ್ಕೆ ಸಿಗುವುದೇ ಇಲ್ಲ, ಏಕೆಂದರೆ ಎಷ್ಟೋ ಜನರಿಗೆ ಕ್ಷಯ ಎಂದೋ ಬರೀ ನ್ಯುಮೋನಿಯಾ ಎಂದೋ ಚಿಕಿತ್ಸೆ ನಡೆದಿರುತ್ತದೆ.

ಮಕ್ಕಳಲ್ಲಿ ಇದರ ನಡೆ ಬೇರೆ. ಸಕ್ಕರೆ ಕಾಯಿಲೆಯೂ ಬೇಡ, ಬೇರೆ ದೌರ್ಬಲ್ಯವೂ ಬೇಡ. ಆಡಿಕೊಂಡಿದ್ದ ಗಟ್ಟಿಮುಟ್ಟಾದ ಮಗುವಿಗೇ ಬರುತ್ತದೆ. ಬಂದು ಕೂರುವ ಜಾಗ ಬಹಳ ಸಲ ಕಿವಿಯ ಮುಂದೆ ಮತ್ತು ಕೆಳಗೆ ಹರಡಿರುವ ಜೊಲ್ಲುಗ್ರಂಥಿ, ಅಂದರೆ ಪೆರೋಟಿಡ್. ಥಾಯ್ಲೆಂಡಿನ ಮಕ್ಕಳ ಮೆಲಿಯಾಯ್ಡೋಸಿಸ್‌ನಲ್ಲಿ ಶೇ. 40ರವರೆಗೆ ಈ ರೂಪದ್ದೇ ಎಂದು ವರದಿಯಾಗಿದೆ. ಕಾಂಬೋಡಿಯಾದ ಸಿಯೆಮ್ ರೀಪ್‌ನ ಅಂಗ್ಕೋರ್ ಮಕ್ಕಳ ಆಸ್ಪತ್ರೆಯ ವೈದ್ಯರೂ ಇದನ್ನೇ ಕಂಡಿದ್ದಾರೆ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಬ್ಯಾಕ್ಟೀರಿಯಾ ಧಾರಾಳವಾಗಿದ್ದರೂ ಅಲ್ಲಿನ ಮಕ್ಕಳಲ್ಲಿ ಈ ರೂಪ ಅತಿ ವಿರಳ. ವ್ಯತ್ಯಾಸ ಕುಡಿಯುವ ನೀರಿನಲ್ಲಿದೆ ಎಂಬುದು ಹಲವು ಸಂಶೋಧಕರ ಊಹೆ. ಈಶಾನ್ಯ ಥಾಯ್ಲೆಂಡಿನ ಹಳ್ಳಿಗಳ ಕ್ಲೋರಿನ್ ಹಾಕದ ನೀರಿನಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿದೆ. ಕೆನ್ನೆಯ ಒಳಗೆ ತೆರೆದುಕೊಳ್ಳುವ ಜೊಲ್ಲಿನ ನಾಳದ ಮೂಲಕ ಅದು ಬಾಯಿಯಿಂದ ಗ್ರಂಥಿಗೆ ಹತ್ತುತ್ತದೆ ಎಂದು ಅವರು ತರ್ಕಿಸುತ್ತಾರೆ. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಬಾವಿಯ ನೀರನ್ನು ಹಾಗೆಯೇ ಕುಡಿಯುವ ಮನೆಗಳು, ಮಳೆಗಾಲದಲ್ಲಾದರೂ ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಬೇಕು.

ಇದನ್ನು ಮಂಗನಬಾವಿನಿಂದ ಬೇರ್ಪಡಿಸುವುದು ಹೇಗೆ? ಮಂಗನಬಾವು ವೈರಸ್‌ನಿಂದ ಬರುವಂಥದ್ದು, ಹೆಚ್ಚಾಗಿ ಎರಡೂ ಕೆನ್ನೆ ಊದುತ್ತವೆ, ಕೀವಾಗುವುದಿಲ್ಲ, ಶಾಲೆಯಲ್ಲೋ ಮನೆಯಲ್ಲೋ ಇನ್ನಿಬ್ಬರಿಗೆ ಬಂದಿರುತ್ತದೆ. ಭಾರತದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಮಂಗನಬಾವಿನ ಲಸಿಕೆ ಅದರಲ್ಲಿ ಸೇರಿಲ್ಲ. ಹಾಗಾಗಿ ಮಂಗನಬಾವು ನಮ್ಮಲ್ಲಿ ಇನ್ನೂ ಮಾಮೂಲು, ಕಿವಿಯ ಕೆಳಗೆ ಊದಿದ್ದೆಲ್ಲವೂ ಮಂಗನಬಾವೇ ಎಂದು ಲೇಪ ಹಚ್ಚಿ ಕಾಯುವ ರೂಢಿಯೂ ಹಾಗೆಯೇ ಉಳಿದಿದೆ. ಒಂದೇ ಬದಿಯ ಊತ, ಚರ್ಮ ಕೆಂಪಾಗಿ ಬಿಗಿದುಕೊಳ್ಳುವುದು, ಹತ್ತು ದಿನವಾದರೂ ಇಳಿಯದ ಜ್ವರ, ಕಿವಿಯಿಂದ ಕೀವು, ಕಣ್ಣು ಪೂರ್ತಿ ಮುಚ್ಚಲಾಗದಿರುವುದು ಅಥವಾ ಅಳುವಾಗ ಬಾಯಿ ಒಂದು ಕಡೆ ಎಳೆಯುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯುವಂತಿಲ್ಲ. ಪೆರೋಟಿಡ್ ಗ್ರಂಥಿಯ ನಡುವೆಯೇ ಮುಖದ ಸ್ನಾಯುಗಳನ್ನು ಆಡಿಸುವ ನರ ಹಾದುಹೋಗುತ್ತದೆ. ಕೀವಿನ ಒತ್ತಡ ಅದಕ್ಕೆ ತಟ್ಟಿದರೆ ಮುಖದ ಆ ಬದಿ ಸೋಲುತ್ತದೆ.

ಮೆಲಿಯಾಯ್ಡೋಸಿಸ್‌ಗೆ ಪೆನಿಸಿಲಿನ್, ಆಂಪಿಸಿಲಿನ್ ನಾಟುವುದಿಲ್ಲ. ಜೆಂಟಾಮೈಸಿನ್ ಕೂಡ ಸಾಮಾನ್ಯವಾಗಿ ನಾಟುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಅನ್ನು ಕನಿಷ್ಠ ಹತ್ತು ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಟ್ಟು, ಆಮೇಲೆ ಸುಮಾರು ಮೂರು ತಿಂಗಳು ಕೋಟ್ರೈಮೊಕ್ಸಜೋಲ್ ಕುಡಿಸುವುದು ಸಾಮಾನ್ಯ ಕ್ರಮ. ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ. ಪ್ರಯೋಗಾಲಯದಲ್ಲೂ ಇದು ಸುಲಭವಾಗಿ ತಪ್ಪು ಹೆಸರಿಗೆ ಜಾರುತ್ತದೆ. ಇದನ್ನು ಹಿಂದೆ ಕಾಣದವರು ಸ್ಯೂಡೋಮೊನಾಸ್ ಎಂದು ಬರೆದು ಮುಗಿಸುತ್ತಾರೆ, ಇಲ್ಲವೇ ಹೊರಗಿನ ಕೊಳೆ ಸೇರಿದ್ದೆಂದು ಎಸೆಯುತ್ತಾರೆ. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ಬಗ್ಗದ, ಆದರೆ ಅಮಾಕ್ಸಿಸಿಲಿನ್ ಕ್ಲಾವುಲನೇಟಿಗೆ ಬಗ್ಗುವ ಬ್ಯಾಕ್ಟೀರಿಯಾ ಸಿಕ್ಕಿದರೆ ಮೆಲಿಯಾಯ್ಡೋಸಿಸ್ ಇರಬಹುದೆಂದು ಶಂಕಿಸಬೇಕು ಎಂಬುದು ತಜ್ಞರು ಹೇಳಿಕೊಡುವ ಸರಳ ಸೂತ್ರ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೂ, ಔಷಧದ ಬಿಲ್ಲೆಗಳನ್ನಿಟ್ಟು ನೋಡುವ ಮಾಮೂಲಿ ಪರೀಕ್ಷೆಯಲ್ಲೇ ಇದು ಗೊತ್ತಾಗುತ್ತದೆ. ಕರಾವಳಿಯ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನೀಶಿಯನ್ನರಿಗೂ ಈ ಒಂದು ವಿಷಯ ತಿಳಿದಿರಲೇಬೇಕು.

ಕ್ಷಯ ಕಿವಿಗೂ ಬರುತ್ತದೆ ಎಂದರೆ ಹಲವರಿಗೆ ಆಶ್ಚರ್ಯ. ಅದು ತರುವ ಸೋರಿಕೆಗೆ ನೋವಿರುವುದಿಲ್ಲ, ಅದೇ ಅದರ ಮೋಸ. ಕಿವಿತಮಟೆಯಲ್ಲಿ ಒಂದರ ಬದಲು ಹಲವು ತೂತುಗಳಾಗಬಹುದು, ಕೇಳುವ ಶಕ್ತಿ ಬೇಗ ಕುಗ್ಗುತ್ತದೆ, ಕೆಲವು ಮಕ್ಕಳಲ್ಲಿ ಮುಖದ ನರ ಸೋಲುತ್ತದೆ. ಮನೆಯಲ್ಲಿ ಅಜ್ಜನಿಗೋ ಚಿಕ್ಕಪ್ಪನಿಗೋ ಕ್ಷಯದ ಚಿಕಿತ್ಸೆ ನಡೆದಿದ್ದರೆ, ಮಗುವಿನ ಕಿವಿ ತಿಂಗಳುಗಟ್ಟಲೆ ಸೋರುತ್ತಿದ್ದರೆ, ಆ ಮಾತನ್ನು ವೈದ್ಯರ ಬಳಿ ಮುಚ್ಚಿಡಬಾರದು. ನಾಚಿಕೆಯಿಂದ ಮುಚ್ಚಿಟ್ಟ ಆ ಒಂದು ಮಾತಿಗೆ ಮಗುವಿನ ಶ್ರವಣವೇ ಬೆಲೆಯಾಗಬಹುದು. ಕೀವಿನಲ್ಲಿ ಬ್ಯಾಕ್ಟೀರಿಯಾ ಸಿಗದಿದ್ದರೆ ಮಧ್ಯಕಿವಿಯ ಸಣ್ಣ ಚೂರು ಮಾಂಸ ತೆಗೆದು ಪರೀಕ್ಷಿಸಬೇಕಾಗುತ್ತದೆ. ರೋಗ ಖಚಿತವಾದರೆ ಔಷಧ ಸರ್ಕಾರದಿಂದ ಉಚಿತ.

ಕ್ಷಯದ ಬ್ಯಾಕ್ಟೀರಿಯಾದ ನೆಂಟರು ಮಣ್ಣಿನಲ್ಲೂ ನಲ್ಲಿ ನೀರಿನಲ್ಲೂ ಇದ್ದಾರೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಕಿವಿಯ ಮುಂದೆ ಅಥವಾ ದವಡೆಯಡಿ ನೋವಿಲ್ಲದ ಗಂಟು ಎದ್ದು, ವಾರಗಳ ಮೇಲೆ ಚರ್ಮ ನೇರಳೆಗೆ ತಿರುಗಿದರೆ ಅದು ಮೈಕೊಬ್ಯಾಕ್ಟೀರಿಯಂ ಏವಿಯಂನಂಥವುಗಳ ಕೆಲಸ ಇರಬಹುದು. ಸ್ವೀಡನ್ನಿನಲ್ಲಿ 1975ರಲ್ಲಿ ಎಲ್ಲ ಹಸುಗೂಸುಗಳಿಗೂ ಬಿಸಿಜಿ ಹಾಕುವ ಪದ್ಧತಿ ನಿಲ್ಲಿಸಿದ ಮೇಲೆ ಮಕ್ಕಳಲ್ಲಿ ಇಂಥ ಗಂಟುಗಳು ಎದ್ದುಕಾಣುವಷ್ಟು ಹೆಚ್ಚಿದವು. ಬಿಸಿಜಿ ಕ್ಷಯದ ಜೊತೆಗೆ ಈ ನೆಂಟರಿಂದಲೂ ಅಷ್ಟಿಷ್ಟು ರಕ್ಷಣೆ ಕೊಡುತ್ತಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಭಾರತದಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಹಾಕುವುದು ಇಂದಿಗೂ ನಡೆದಿದೆ. ವಿದೇಶದಲ್ಲಿ ಹುಟ್ಟಿ ಬೆಳೆಯುತ್ತಿರುವ ಕನ್ನಡಿಗರ ಎಷ್ಟೋ ಮಕ್ಕಳಿಗೆ ಅದು ಸಿಕ್ಕಿರುವುದಿಲ್ಲ ಎಂಬುದನ್ನು ಆ ತಂದೆತಾಯಂದಿರು ನೆನಪಿಡಬೇಕು. ಇಂಥ ಗಂಟನ್ನು ಬರೀ ಸೀಳಿ ಕೀವು ತೆಗೆದರೆ ಗಾಯ ತಿಂಗಳುಗಟ್ಟಲೆ ಒಸರುತ್ತದೆ. ಪೂರ್ತಿ ಗಂಟನ್ನೇ ತೆಗೆಯುವುದು ಮುಖ್ಯ ಚಿಕಿತ್ಸೆ. ಅದನ್ನು ಮುಖದ ನರದ ಪಕ್ಕದಲ್ಲೇ ಮಾಡಬೇಕಾಗುವುದರಿಂದ ಅನುಭವಿ ಶಸ್ತ್ರವೈದ್ಯರೇ ಬೇಕು.

ಬೆಕ್ಕಿನ ಮರಿ ಪರಚಿದ ಮೇಲೂ ಕಿವಿಯ ಮುಂದೆ ಗಂಟು ಬರುವುದುಂಟು. ಒಂದು ಕಣ್ಣು ಕೆಂಪಾಗಿ, ಅದೇ ಬದಿಯ ಕಿವಿಯ ಮುಂದೆ ಗಂಟು ಎದ್ದರೆ ವೈದ್ಯರು ಮನೆಯಲ್ಲಿ ಬೆಕ್ಕಿದೆಯೇ ಎಂದು ಕೇಳುತ್ತಾರೆ. ಕಾರಣ ಬಾರ್ಟೊನೆಲ್ಲಾ ಹೆನ್ಸಲೇ ಎಂಬ ಬ್ಯಾಕ್ಟೀರಿಯಾ. ಬೆಕ್ಕಿನಿಂದ ಬೆಕ್ಕಿಗೆ ಅದನ್ನು ಹರಡುವುದು ಚಿಗಟ. ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿ ವಾಸಿಯಾಗುತ್ತದೆ.

ಕೆಲವು ಸೋಂಕುಗಳನ್ನು ಕಿವಿಗೆ ತಲುಪಿಸುವುದು ಮನುಷ್ಯರ ಕೈಯೇ. 1987ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ, ಒಂದೇ ಕಿವಿ, ಮೂಗು, ಗಂಟಲು ಚಿಕಿತ್ಸಾಲಯಕ್ಕೆ ಹೋಗಿಬಂದ 17 ಮಂದಿಯ ಕಿವಿ ಸೋರತೊಡಗಿತು. ಬಹಳ ಮಂದಿಗೆ ಕಿವಿತಮಟೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ಕೊಳವೆ ಹಾಕಲಾಗಿತ್ತು. ಸಿಕ್ಕಿದ್ದು ನೀರಿನಲ್ಲಿ ವಾಸಿಸುವ ಕ್ಷಯದ ನೆಂಟ. ಉಪಕರಣಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಬಳಸುವ ನಡುವೆ ಸರಿಯಾಗಿ ಸೋಂಕುರಹಿತ ಮಾಡಿರಲಿಲ್ಲ. 2000ದಲ್ಲಿ ಆರೆಗಾನ್ ರಾಜ್ಯದ ಒಂದು ಒಡವೆ ಮಳಿಗೆಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡವರಿಗೆ ಸ್ಯೂಡೋಮೊನಾಸ್ ಏರುಜಿನೋಸಾ ಅಂಟಿತು. 118 ಮಂದಿಯನ್ನು ವಿಚಾರಿಸಿದಾಗ 7 ಮಂದಿಗೆ ಖಚಿತ ಸೋಂಕು, ಇನ್ನೂ 18 ಮಂದಿಗೆ ಶಂಕಿತ ಸೋಂಕು ಕಂಡಿತು. ಬ್ಯಾಕ್ಟೀರಿಯಾ ಸೇರಿಕೊಂಡದ್ದು ಸೋಂಕು ನಿವಾರಿಸಬೇಕಾದ ದ್ರಾವಣದ ಬಾಟಲಿಯಲ್ಲೇ.

ನಮ್ಮ ಮನೆಗಳಲ್ಲಿ ಕೂಸಿಗೆ ಕಿವಿ ಚುಚ್ಚಿಸುವುದು ಶುಭಕಾರ್ಯ. ಕಿವಿಯ ಹಾಲೆಯಲ್ಲಿ ರಕ್ತಸಂಚಾರ ಚೆನ್ನಾಗಿದೆ, ಗಾಯ ಬೇಗ ಮಾಯುತ್ತದೆ, ಹೊಸ ಸೂಜಿ ಬಳಸಿದರೆ ಅಪಾಯ ಕಡಿಮೆ. ಮೇಲ್ಭಾಗದ ಮೆತ್ತೆಲುಬಿಗೆ ತನ್ನದೇ ರಕ್ತನಾಳಗಳಿಲ್ಲ. ಅಲ್ಲಿ ಕೀವಾದರೆ ಮೆತ್ತೆಲುಬು ಕರಗಿ ಕಿವಿ ಮುದುಡಿಹೋಗುತ್ತದೆ, ಆ ಆಕಾರ ಮತ್ತೆ ಬಾರದು. ಪುಟ್ಟ ಮಕ್ಕಳಿಗೆ ಕಿವಿಯ ಮೇಲ್ಭಾಗ ಚುಚ್ಚಿಸಲೇಬಾರದು.

ಪರಿಚಿತ ಬ್ಯಾಕ್ಟೀರಿಯಾವೂ ಅಪರಿಚಿತ ರೂಪದಲ್ಲಿ ಬಂದದ್ದಿದೆ. ನ್ಯುಮೋಕಾಕಸ್‌ಗೆ ತೊಂಬತ್ತಕ್ಕೂ ಹೆಚ್ಚು ಬಗೆಗಳಿವೆ. 2000ದಲ್ಲಿ ಅಮೆರಿಕ ತನ್ನ ಮಕ್ಕಳಿಗೆ ಕೊಡತೊಡಗಿದ ಲಸಿಕೆ ಏಳು ಬಗೆಗಳನ್ನು ತಡೆಯುತ್ತಿತ್ತು. ಅವು ತೆರವು ಮಾಡಿದ ಜಾಗಕ್ಕೆ 19ಎ ಎಂಬ ಬಗೆ ಬಂತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಮಕ್ಕಳ ವೈದ್ಯರಾದ ಮೈಕೆಲ್ ಪಿಚಿಕೆರೊ ಮತ್ತು ಜಾನೆಟ್ ಕೇಸಿ 2007ರಲ್ಲಿ ವರದಿ ಮಾಡಿದ 19ಎ ತಳಿಯಂತೂ ಮಕ್ಕಳ ಕಿವಿ ಸೋಂಕಿಗೆ ಅಲ್ಲಿ ಮಂಜೂರಾಗಿದ್ದ ಯಾವ ಔಷಧಕ್ಕೂ ಬಗ್ಗುತ್ತಿರಲಿಲ್ಲ. ಅವರಿಗೆ ಅದು ಗೊತ್ತಾದದ್ದು ಹೇಗೆ ಎಂಬುದು ಇಲ್ಲಿ ಮುಖ್ಯ. ಔಷಧ ಹಿಡಿಯದ ಮಕ್ಕಳ ಕಿವಿತಮಟೆಯ ಮೂಲಕ ಸಪೂರ ಸೂಜಿ ಹಾಯಿಸಿ, ಒಳಗಿನ ನೀರನ್ನು ತೆಗೆದು ಪರೀಕ್ಷಿಸುವುದು ಅವರ ಪದ್ಧತಿಯಾಗಿತ್ತು. 2010ರಲ್ಲಿ ಬಂದ ಹದಿಮೂರು ಬಗೆಗಳ ಲಸಿಕೆಯಲ್ಲಿ 19ಎ ಸೇರಿತು. ಭಾರತದಲ್ಲಿ ನ್ಯುಮೋಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಹತ್ತು ಬಗೆಗಳ ಲಸಿಕೆಯಲ್ಲೂ 19ಎ ಇದೆ.

ಇನ್ನು ಕೆಲವು ಬ್ಯಾಕ್ಟೀರಿಯಾಗಳು ಬಹಳ ಕಾಲ ಕಣ್ಣಿಗೇ ಬಿದ್ದಿರಲಿಲ್ಲ. 1989ರಲ್ಲಿ ಅಮೆರಿಕದ ಬಫಲೋ ನಗರದ ಸಂಶೋಧಕರು ಮಕ್ಕಳ ಮಧ್ಯಕಿವಿಯ ನೀರಿನಿಂದ ಅದುವರೆಗೆ ಯಾರೂ ಕಾಣದ ಒಂದನ್ನು ಬೆಳೆಸಿದರು. ಈಗ ಅದಕ್ಕೆ ಅಲಾಯೊಕಾಕಸ್ ಎಂದು ಹೆಸರು. ಮಾಮೂಲಾಗಿ ಎರಡು ದಿನಕ್ಕೆ ಎಸೆಯುವ ತಟ್ಟೆಗಳನ್ನು ಅವರು ಇನ್ನಷ್ಟು ದಿನ ಇಟ್ಟು ಕಾದದ್ದರಿಂದ ಅದು ಕಂಡಿತು. ರೋಗವಿಲ್ಲದವರ ಕಿವಿಯಲ್ಲೂ ಅದು ಸಿಗುವುದರಿಂದ, ಅದು ರೋಗಕ್ಕೆ ಎಷ್ಟರಮಟ್ಟಿಗೆ ಹೊಣೆ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದಿದೆ.

ಸೋರುವ ಕಿವಿ ಬಡವರ ಮನೆಯ ಕಾಯಿಲೆಯೆಂದು ಬಹಳ ಕಾಲ ಯಾರೂ ಅದನ್ನು ಗಂಭೀರವಾಗಿ ಎಣಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2004ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ದೀರ್ಘಕಾಲದಿಂದ ಸೋರುತ್ತಿದೆ, ಅವರಲ್ಲಿ ಶೇ. 60ರಷ್ಟು ಮಂದಿಗೆ ಗಮನಾರ್ಹ ಶ್ರವಣದೋಷವಿದೆ. ಮಾತು ಕಲಿಯುವ ವಯಸ್ಸಿನಲ್ಲಿ ಕಿವಿ ಕೇಳಿಸದ ಮಗು ಶಾಲೆಯಲ್ಲಿ ದಡ್ಡ ಎನಿಸಿಕೊಳ್ಳುತ್ತದೆ. ಆ ಮಾತು ಅದರ ಮೇಲೆ ಜೀವನವಿಡೀ ಉಳಿಯುತ್ತದೆ.

ಮನೆಯವರು ಮಾಡಬಹುದಾದದ್ದು ಸಾಕಷ್ಟಿದೆ. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನಾಗಲಿ, ಸೊಪ್ಪಿನ ರಸವನ್ನಾಗಲಿ, ಎದೆಹಾಲನ್ನಾಗಲಿ ಹಾಕಬಾರದು. ಎರೆಯುವಾಗ ಹೊರಕಿವಿಗೆ ಹತ್ತಿ ಇಟ್ಟು ನೀರು ಒಳಹೋಗದಂತೆ ನೋಡಿಕೊಳ್ಳಬೇಕು. ಅಂಗಡಿಯಿಂದ ತಾವೇ ಆಂಟಿಬಯೋಟಿಕ್ ತಂದು ಕುಡಿಸಿದರೆ ಆಮೇಲೆ ಮಾಡುವ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಸಿಗದೆ ಹೋಗುತ್ತದೆ. ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ನಿಂತರೆ, ಮುಖ ಸೊಟ್ಟಗಾದರೆ, ಮಗು ಮಂಪರಾಗಿ ವಾಂತಿ ಮಾಡುತ್ತಿದ್ದರೆ, ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ಬೆಳಗಾಗಲೆಂದು ಕಾಯಬಾರದು. ಗದ್ದೆ ಕೆಲಸದ ಮನೆಯವರು, ಕರಾವಳಿ, ಮಲೆನಾಡಿನವರು, ತಾವು ಎಲ್ಲಿಂದ ಬಂದವರು, ಮಗು ಎಲ್ಲಿ ಆಡುತ್ತದೆ, ಯಾವ ನೀರು ಕುಡಿಯುತ್ತದೆ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು.

ಮೊದಲ ಔಷಧ ಮುಗಿದರೂ ಗುಣ ಕಾಣದೆ ಎರಡನೆಯದನ್ನು ಬರೆಯುವ ಹೊತ್ತಿಗೆ, ಕೀವನ್ನು ಕಲ್ಚರಿಗೆ ಕಳಿಸೋಣವೇ ಡಾಕ್ಟರೇ ಎಂದು ಸಂಕೋಚವಿಲ್ಲದೆ ಕೇಳಿ. ವರದಿ ಬಂದ ಮೇಲೆ ಅದರ ಒಂದು ಪ್ರತಿಯನ್ನು ತಪ್ಪದೆ ಪಡೆದು ಮಗುವಿನ ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಊರು ಬಿಟ್ಟು ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಅಲ್ಲಿನ ವೈದ್ಯರಿಗೆ ಹಳೆಯ ಔಷಧದ ಚೀಟಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಕಾಗದ ಅದೇ.